ಸೌಡಿ ದೊಡ್ಡಬೀರಯ್ಯನ ಕಾಲು

ಕಾಳಮುದ್ದನದೊಡ್ಡಿಗೆ ಎರಡು ಮೈಲಿ ಈಚೆಗೆ, ನಾಲೆಯ ಏರಿಗೆ ಬೆನ್ನು ಕೊಟ್ಟು ಕೂತಂತೆ ಹುಣಸೆಕೊಪ್ಪಲು ಎಂಬ ಮೂವತ್ತು ಮನೆಯ ಊರು. ಆ ಊರಿನ ದೊಡ್ಡಬೀರಯ್ಯ ನಾಲೆಯ ಸೌಡಿ. ತೂಬಿನ ಹಲಗೆ ಎತ್ತಿ ಇಳಿಸಿ, ಯಾರ ಗದ್ದೆಗೆ ಎಷ್ಟು ಹೊತ್ತು ನೀರು ಎಂದು ನೋಡಿಕೊಳ್ಳುವವನಿಗೆ ನಮ್ಮ ಕಡೆ ಸೌಡಿ ಅನ್ನುತ್ತಾರೆ. ಊರಿಂದ ಮೇಲಕ್ಕೆ ಒಂದೂವರೆ ಮೈಲಿ, ನಾಲ್ಕು ತೂಬು. ಕೆಳಕ್ಕೆ ಒಂದೂವರೆ ಮೈಲಿ, ಮೂರು ತೂಬು. ಎಣಿಕೆ ಮೇಲಿಂದ, ಒಂದರಿಂದ ಏಳು. ನಾಲೆಗೆ ಮೊದಲ ನೀರು ಬಂದಾಗಿನಿಂದ ಎಂಟು ವರ್ಷ ಅವನು ಒಂದು ದಿನವೂ ಬಿಡದೆ ಈ ದಾರಿ ನಡೆದಿದ್ದ. ನಡೆಯುವಾಗ ತಲೆ ಎತ್ತುತ್ತಿರಲಿಲ್ಲ. ಏಡಿ ತೋಡಿದ ಬಿಲ, ಇಲಿ ಕೊರೆದ ತೂತು, ಏರಿಯ ಬುಡದಲ್ಲಿ ಜಿನುಗುವ ನೀರು, ಇವಿಷ್ಟೇ ಅವನ ಕಣ್ಣಿಗೆ ಬೀಳುತ್ತಿದ್ದದ್ದು. ಮೂರು ಮೈಲಿ ನಾಲೆಯನ್ನು ಅವನು ಒಂದು ಎತ್ತನ್ನು ನೋಡಿಕೊಳ್ಳುವಂತೆ ನೋಡಿಕೊಂಡಿದ್ದ. ಎತ್ತಿನ ಮೈಮೇಲಿನ ಗಾಯ ಕಾಣುತ್ತಿತ್ತೇ ಹೊರತು ಎತ್ತು ಚೆಂದವೋ ಅಲ್ಲವೋ ಎಂದು ಯೋಚಿಸಿರಲಿಲ್ಲ.

ನಲವತ್ತೊಂದನೇ ಇಸವಿ, ದೀಪಾವಳಿ ಕಳೆದ ಎಂಟನೇ ದಿನ. ಆರನೇ ತೂಬಿನ ಹಲಗೆ ಎತ್ತಲು ಬಗ್ಗಿದಾಗ ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲು ಜಾರಿತು. ನೀರಿಗೆ ಬಿದ್ದಿದ್ದರೆ ಈಜಿಕೊಂಡು ಬರುತ್ತಿದ್ದ. ಬಿದ್ದದ್ದು ಇನ್ನೊಂದು ಬದಿಗೆ, ಕಲ್ಲುಕಟ್ಟಡದ ಮೇಲಕ್ಕೆ. ಎಡಗಾಲಿನ ಮಂಡಿಯ ಕೆಳಗೆ ಕಬ್ಬಿನ ಜಲ್ಲೆ ಮುರಿದಂಥ ಸದ್ದಾದದ್ದು ಅವನಿಗೇ ಕೇಳಿಸಿತು. ಪಕ್ಕದ ಗದ್ದೆಯಲ್ಲಿದ್ದ ಮರಿಸಿದ್ದಯ್ಯ ಓಡಿ ಬಂದು ನೋಡಿದ. ಕಾಲು ಬಾಗಬಾರದ ಕಡೆಗೆ ಬಾಗಿತ್ತು. "ಮಾತಾಡ್ಬ್ಯಾಡ ಕಣ್ಲಾ, ಸುಮ್ಕೆ ಮಲ್ಗಿರು" ಎಂದವನೇ ಗಾಡಿ ಕಟ್ಟಿ, ಹುಲ್ಲು ಹಾಸಿ, ಅವನನ್ನು ಮಲಗಿಸಿಕೊಂಡು ಮಳವಳ್ಳಿಯ ದಾರಿ ಹಿಡಿದ. ದೊಡ್ಡಬೀರಯ್ಯನ ಹೆಂಡತಿ ಮುದ್ದಮ್ಮ ಅವನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು.

ಮಳವಳ್ಳಿಯ ಪೇಟೆ ಹಿಂದಿನ ಗಲ್ಲಿಯಲ್ಲಿ ಬಿಬಿ ಜಾನ್ ಎಂಬ ಅರವತ್ತು ದಾಟಿದ ಹೆಂಗಸಿದ್ದಳು. ಅವಳ ತಂದೆ ಗರಡಿಯ ಪೈಲ್ವಾನರಿಗೆ ಮೂಳೆ ಕೂಡಿಸುತ್ತಿದ್ದವನು. ಗಂಡುಮಕ್ಕಳಿಲ್ಲದ್ದರಿಂದ ವಿದ್ಯೆ ಮಗಳಿಗೆ ಬಂದಿತ್ತು. ಅವಳು ಕಾಲನ್ನು ಬೆರಳ ತುದಿಯಿಂದ ಸವರಿ ನೋಡಿ, ಇಬ್ಬರಿಗೆ ಅವನ ಭುಜ ಹಿಡಿದುಕೊಳ್ಳಲು ಹೇಳಿದಳು. ಆಮೇಲೆ ತೀರಾ ಸಾವಧಾನವಾಗಿ ಕೇಳಿದಳು:

"ನಿನ್ ಎಂಡ್ರು ಎಸ್ರೇನ್ಲಾ ಮಗ?"

ಅವನು "ಮು..." ಅನ್ನುವಷ್ಟರಲ್ಲಿ ಎಳೆದುಬಿಟ್ಟಳು. ಉಳಿದ ಹೆಸರು ಗಲ್ಲಿಯ ಕೊನೆಯ ತನಕ ಕೇಳಿಸಿತು. ಹೊರಗೆ ನಿಂತಿದ್ದ ಮುದ್ದಮ್ಮ ನಾಚಿಕೆಯಿಂದ ಸೆರಗು ಬಾಯಿಗಿಟ್ಟುಕೊಂಡಳು. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಅವನು ಅವಳನ್ನು ಹೆಸರು ಹಿಡಿದು ಕೂಗಿದ್ದು ಅದೇ ಮೊದಲು.

ಮೊಟ್ಟೆಯ ಬಿಳಿಯಲ್ಲಿ ಕಲಸಿದ ಉದ್ದಿನ ಹಿಟ್ಟು, ಬಟ್ಟೆಯ ಪಟ್ಟಿ, ಅದರ ಮೇಲೆ ಬಿದಿರಿನ ದಬ್ಬೆ. ಕಟ್ಟಿ ಮುಗಿಸಿ ಬಿಬಿ ಜಾನ್ ಹೇಳಿದಳು: "ನಲವತ್ತೈದು ದಿನ ಈ ಕಾಲು ನಿಂದಲ್ಲ, ನಂದು. ನೆಲಕ್ಕೆ ಸೋಕಿಸ್ದೆ ಅಂದ್ರೆ ನಾ ಸುಮ್ಕಿರಾಕಿಲ್ಲ. ದಿನ ತುಂಬುದ್ಮ್ಯಾಕೆ ನಾನೇ ಬಂದು ಬಿಚ್ತೀನಿ."

ಮೂರನೇ ದಿನ ನಾಲೆಯ ಮೇಲ್ವಿಚಾರಣೆಯ ಓವರ್ಸಿಯರು ಸೈಕಲ್ಲಿನ ಮೇಲೆ ಬಂದರು. ಒಳ್ಳೆಯ ಮನುಷ್ಯ, ಆದರೆ ನಾಲೆ ಯಾರಿಗೂ ಕಾಯುವುದಿಲ್ಲವಲ್ಲ. "ನಿನ್ನ ಜಾಗಕ್ಕೆ ಬೇರೆಯವನನ್ನು ಹಾಕಬೇಕಾಗುತ್ತೆ ಬೀರಯ್ಯ" ಎಂದರು. ಒಮ್ಮೆ ಬೇರೆಯವನು ಬಂದರೆ ಆ ಜಾಗ ಮತ್ತೆ ತನ್ನದಾಗದು ಎಂದು ದೊಡ್ಡಬೀರಯ್ಯನಿಗೆ ಗೊತ್ತಿತ್ತು. ಅವನು ಗೋಡೆಯ ಕಡೆ ಮುಖ ತಿರುಗಿಸಿಕೊಂಡ.

ಬಾಗಿಲ ಹಿಂದಿನಿಂದ ಮುದ್ದಮ್ಮನ ದನಿ ಬಂತು. "ನಾನೋಯ್ತೀನಿ ಸ್ವಾಮಿ."

ಓವರ್ಸಿಯರು ನಕ್ಕರು. "ನೀರು ಹೆಂಗಸರ ಮಾತು ಕೇಳುತ್ತೇನಮ್ಮ?"

"ನೀರ್ಗೆ ಮಾತ್ಯಾಕೆ ಸ್ವಾಮಿ, ಹಲ್ಗೆ ಎತ್ತುದ್ರೆ ಬತ್ತದೆ, ಇಳ್ಸುದ್ರೆ ನಿಲ್ತದೆ. ದಿನಾ ರಾಗಿ ಬೀಸೋ ಕೈಗೆ ಒಂದು ಹಲ್ಗೆ ಎತ್ತಕಾಗಾಕಿಲ್ವಾ?"

ಓವರ್ಸಿಯರು ಹಾಜರಿ ಪುಸ್ತಕದಲ್ಲಿ ಬೀರಯ್ಯನ ಹೆಸರೇ ಇರಲಿ, ರೈತರಿಂದ ದೂರು ಬಂದರೆ ಮಾತ್ರ ನಿಲ್ಲಿಸಬೇಕಾಗುತ್ತೆ ಎಂದು ಹೇಳಿ ಹೊರಟುಹೋದರು.

ಮುದ್ದಮ್ಮನಿಗೆ ಆಗ ನಲವತ್ತರ ಹತ್ತಿರ. ಊರ ಬಾವಿ, ಎರಡು ತುಂಡು ಹೊಲ, ಪೂರಿಗಾಲಿಗೆ ಕೊಟ್ಟಿದ್ದ ಮಗಳ ಮನೆ, ಅವಳು ನಡೆದ ಲೋಕ ಇಷ್ಟೇ. ಪೂರಿಗಾಲಿಗೂ ಯಾರ ಜೊತೆಗಾದರೂ ಹೋಗಿ ಬಂದವಳು, ಒಬ್ಬಳೇ ಅಲ್ಲ. ಮಾರನೆಯ ಬೆಳಗ್ಗೆ ಅವಳು ಗಂಡ ದಿನಾ ಒಯ್ಯುತ್ತಿದ್ದ ಕೋಲು ಹಿಡಿದು ಏರಿ ಹತ್ತಿದಳು. ದೊಡ್ಡಬೀರಯ್ಯ ಚಾಪೆಯ ಮೇಲೆ ಮಲಗಿ ಅವಳ ಹೆಜ್ಜೆ ಮರೆಯಾಗುವವರೆಗೂ ಕಿವಿಗೊಟ್ಟು ಕೇಳಿದ.

ನಡುಮನೆಯ ಮಾಡಿನಲ್ಲಿ ಒಂದು ಬೆಳಕಿಂಡಿ ಇತ್ತು. ಅದರಿಂದ ಬಿದ್ದ ಬಿಸಿಲಿನ ಚೌಕ ಬೆಳಗ್ಗೆ ಪಡುವಣ ಗೋಡೆಯಿಂದ ಇಳಿದು, ನೆಲದ ಮೇಲೆ ಹರಿದು, ಮಧ್ಯಾಹ್ನದ ಮೇಲೆ ಒರಳುಕಲ್ಲನ್ನು ಮುಟ್ಟುತ್ತಿತ್ತು. ಈಗ ಗೋಡೆಯ ಬಿರುಕಿನ ಹತ್ತಿರ ಬಂತು, ಅವಳು ಮೂರನೇ ತೂಬಿನಲ್ಲಿರಬೇಕು. ಈಗ ನೆಲಕ್ಕಿಳಿಯಿತು, ಅವಳು ತಿರುಗಿರಬೇಕು. ಹೀಗೆ ಅವನು ಕಣ್ಣು ಮುಚ್ಚಿಕೊಂಡು ಅವಳ ಜೊತೆಗೇ ನಡೆಯುತ್ತಿದ್ದ. ನಡೆಯುತ್ತ ನಡೆಯುತ್ತ ನಿದ್ದೆ ಬರುತ್ತಿತ್ತು, ನಿದ್ದೆಯಲ್ಲೂ ನಾಲೆ ಹರಿಯುತ್ತಿತ್ತು.

ಸಂಜೆ ಮುದ್ದಮ್ಮ ಒಲೆ ಹಚ್ಚಿ ಕೂತು ವರದಿ ಒಪ್ಪಿಸುತ್ತಿದ್ದಳು. ಮೊದಮೊದಲು ಬರೀ ನೀರಿನ ಮಟ್ಟ: ಇಂಥ ತೂಬಿನಲ್ಲಿ ಕಲ್ಲಿನ ಗೆರೆಯಿಂದ ನಾಲ್ಕು ಬೆರಳು ಕೆಳಗೆ, ಇಂಥದರಲ್ಲಿ ಎರಡು. ಎರಡನೇ ವಾರದ ಹೊತ್ತಿಗೆ ಮಾತು ಬೇರೆ ಕಡೆ ಹರಿಯತೊಡಗಿತು. ಮಂಜು ನೀರಿನ ಮೇಲೆ ಹೇಗೆ ಮೊದಲು ಮೊಣಕಾಲೆತ್ತರ ನಿಂತಿರುತ್ತೆ, ಸೂರ್ಯ ಮುಟ್ಟಿದ ಕೂಡಲೆ ಹೇಗೆ ಎದ್ದು ಕಬ್ಬಿನೊಳಕ್ಕೆ ಓಡಿಹೋಗುತ್ತೆ. ಆಲೆಮನೆಯ ಬೆಲ್ಲದ ವಾಸನೆ ಯಾವ ಬೇಲಿಯಿಂದ ಶುರುವಾಗಿ ಯಾವ ಬೇಲಿಗೆ ಮುಗಿಯುತ್ತೆ. ನೀಲಿ ಮೀಂಚುಳ್ಳಿ ಹಕ್ಕಿ ದಿನಾ ಒಂದೇ ಕೊಂಬೆಯ ಮೇಲೆ ಕೂತು ತನ್ನನ್ನು ನೋಡಿ ಹೇಗೆ ಬೈಯುತ್ತೆ.

ಒಂದು ಸಂಜೆ ಹೇಳಿದಳು: "ಇವತ್ತು ಗೊರ್ಕೆ ತೂಬ್ನಾಗೆ ಕಸ ಸಿಕ್ಕಂಡಿತ್ತು, ತಗ್ದೆ."

"ಅದ್ಯಾವ್ದಮ್ಮಿ ಗೊರ್ಕೆ ತೂಬು?"

"ಎರಡ್ನೇದು. ಮಲ್ಗಿರೋ ಮುದುಕನಂಗೆ ಗೊರ್ ಗೊರ್ ಅಂತದಲ್ಲ."

"ಎಂಟು ವರ್ಸ ನಡ್ದಿವ್ನಿ, ನಂಗ್ಯಾವತ್ತೂ ಕೇಳಿಲ್ಲ."

"ನೀನು ಬಿಲ ನೋಡ್ಕಂಡು ಓಯ್ತಿದ್ದೆ" ಎಂದು ಅವಳು ಮುದ್ದೆ ತಿರುವಲು ಎದ್ದಳು.

ಅವಳು ಏಳು ತೂಬಿಗೂ ಹೆಸರಿಟ್ಟಿದ್ದಳು. ರೈತರೂ ಅದೇ ಹೆಸರು ಹಿಡಿದಿದ್ದರು. ಅವನು ಬಿದ್ದ ಆರನೆಯದಕ್ಕೆ ಏನು ಹೆಸರು ಎಂದು ಕೇಳಿದ. ಅವಳು ಹೇಳಲಿಲ್ಲ. ಆಮೇಲೆ ಮರಿಸಿದ್ದಯ್ಯನಿಂದ ತಿಳಿಯಿತು, ಅದು 'ಪಾಪಿ ತೂಬು'.

ದಿನ ತುಂಬಿದ ಮೇಲೆ ಬಿಬಿ ಜಾನ್ ಮಾತಿಗೆ ತಪ್ಪದೆ ಮೋಟಾರು ಬಸ್ಸಿನಲ್ಲಿ ಬಂದು ದಬ್ಬೆ ಬಿಚ್ಚಿದಳು. ಒಳಗಿಂದ ಬಂದ ಕಾಲು ಬಿಳಚಿಕೊಂಡು, ಸೊರಗಿ, ಯಾವುದೋ ಹುಡುಗಿಯದೆಂಬಂತಿತ್ತು. ದೊಡ್ಡಬೀರಯ್ಯ ಅದನ್ನು ಮುಟ್ಟಲು ಹೆದರಿದ.

"ಮೂಳೆ ಕೂಡ್ಕಂಡದೆ. ನಡೆಯಾದು ಮರ್ತೋಗದೆ, ಅಷ್ಟೇಯ" ಎಂದು ಅವಳು ಕಾಲಿಗೆ ಬೆಚ್ಚಗಿನ ಹರಳೆಣ್ಣೆ ಸವರಿದಳು. "ಒಂದು ವಾರ ಜಗಲಿ. ಆಮ್ಯಾಕೆ ಕಣ. ಆಮ್ಯಾಕೆ ಏರಿ. ಬಿಸ್ಲು ಹೊಸ್ಲಿಗೆ ಬರೋಗಂಟ ಆಚೀಗ್ ಕಾಲಿಕ್ಬ್ಯಾಡ. ಮಂಜ್ನಾಗೆ ಓದ್ರೆ ಕಾಲು ಮತ್ತೆ ನಂದಾಯ್ತದೆ, ನೋಡ್ಕೊ."

ಆ ಮಾರ್ಗಶಿರದ ಕೊನೆಯಲ್ಲಿ ಒಂದೇ ದಿನದೊಳಗೆ ಮೂರು ಕಾಲ ಬಂದುಹೋಗುತ್ತಿದ್ದವು. ಬೆಳಗ್ಗೆ ಎದುರು ಮನೆಯೂ ಕಾಣದ ಮಂಜು. ಹತ್ತು ಗಂಟೆಗೆ ಬೆನ್ನು ಚುರುಗುಟ್ಟಿಸುವ ಬಿಸಿಲು. ಮಧ್ಯಾಹ್ನದ ಮೇಲೆ ಮೂಡಲಿಂದ ಮೋಡ ಹಾಯ್ದು, ಇದ್ದಕ್ಕಿದ್ದಂತೆ ಮೈ ನಡುಗಿಸುವ ಗಾಳಿ. ದೊಡ್ಡಬೀರಯ್ಯ ಬಿಸಿಲನ್ನು ಹುಡುಕಿಕೊಂಡು ನಡೆದ. ಜಗಲಿಯಿಂದ ಬೇವಿನ ಮರ. ಬೇವಿನ ಮರದಿಂದ ರಾಗಿ ಮೆದೆ ಒಟ್ಟಿದ್ದ ಕಣ. ಹೊಸ ಕಾಲು ನೆಲವನ್ನು ನಂಬುತ್ತಿರಲಿಲ್ಲ. ಪ್ರತಿ ಹೆಜ್ಜೆಗೂ ಮೊದಲು ಬೆರಳಿಂದ ಮುಟ್ಟಿ ನೋಡಿ, ಆಮೇಲೆ ಭಾರ ಬಿಡುತ್ತಿತ್ತು. ಹೀಗೆ ಮೆಲ್ಲಗೆ ನಡೆಯುವವನಿಗೆ ಕಾಣುವುದು ಬಹಳ ಎಂದು ಅವನಿಗೆ ಆಗಲೇ ಗೊತ್ತಾದದ್ದು. ಅವರೆ ಹೊಲದ ಸೊಗಡು, ಜೇಡರ ಬಲೆಯ ಮೇಲಿನ ಇಬ್ಬನಿ, ಕಣದ ಮಣ್ಣು ಬಿಸಿಲಿಗೆ ಉಸಿರು ಬಿಡುವ ವಾಸನೆ. ಒಂದೊಂದು ಸಲ ಕೋಲಿನ ಮೇಲೆ ಗದ್ದ ಊರಿ ನಿಂತವನು ಎಷ್ಟು ಹೊತ್ತಾಯಿತೆಂದೇ ತಿಳಿಯದೆ ನಿಂತಿರುತ್ತಿದ್ದ.

ಏರಿಯ ಬುಡ ಮುಟ್ಟಿದ ದಿನವೇ ಜಡಿ ಹಿಡಿಯಿತು. ಮೂಡಲ ಸಮುದ್ರದಲ್ಲಿ ಗಾಳಿ ಎದ್ದಿದೆ ಎಂದು ಊರವರು ಅಂದರು. ನಾಲ್ಕು ದಿನ ಜಿಟಿಜಿಟಿ ಬಿಡಲಿಲ್ಲ. ಅವನು ಒಲೆಯ ಪಕ್ಕ ಕಾಲು ಚಾಚಿ ಕೂತು ಎಣ್ಣೆ ತಿಕ್ಕಿಕೊಂಡ. ಮುದ್ದಮ್ಮ ಮಾತ್ರ ಗೋಣಿಚೀಲ ಮಡಿಸಿದ ಕೊಪ್ಪೆ ತಲೆಗೆ ಹಾಕಿಕೊಂಡು ಹೊರಟಳು. ಬಾಗಿಲಲ್ಲಿ ನಿಂತು ಅವಳು ಒಮ್ಮೆ ಆಕಾಶ ನೋಡಿದ ರೀತಿ, ಆಮೇಲೆ ಯಾವ ಅಳುಕೂ ಇಲ್ಲದೆ ಮಳೆಯೊಳಕ್ಕೆ ಇಳಿದ ರೀತಿ ಅವನ ಎದೆಯಲ್ಲಿ ಎಲ್ಲೋ ಚುಚ್ಚಿತು. ಅದು ಹೊಟ್ಟೆಕಿಚ್ಚೋ, ದಿಗಿಲೋ ಅವನಿಗೇ ಬಗೆಹರಿಯಲಿಲ್ಲ.

ಐದನೇ ಬೆಳಗ್ಗೆ ಮಳೆ ನಿಂತಿತ್ತು. ನಿಂತ ಮಳೆಯೆಲ್ಲ ಮಂಜಾಗಿ ಎದ್ದಿತ್ತು. ಮುದ್ದಮ್ಮ ಹೊರಟು ಸ್ವಲ್ಪ ಹೊತ್ತಾದ ಮೇಲೆ ದೊಡ್ಡಬೀರಯ್ಯ, ಬಿಬಿ ಜಾನ್ ಹೇಳಿದ್ದನ್ನು ಚೆನ್ನಾಗಿ ನೆನಪಿಟ್ಟುಕೊಂಡೇ, ಬಿದಿರುಕೋಲು ಹಿಡಿದು ಹೊರಬಿದ್ದ.

ಏರಿಯ ಜೇಡಿಮಣ್ಣು ಮಳೆಗೆ ಬೆಣ್ಣೆಯಂತಾಗಿತ್ತು. ಅಲ್ಲಿ ಹತ್ತುವುದು ಬೇಡವೆಂದು ಕಬ್ಬಿನ ನಡುವಿನ ಗಾಡಿದಾರಿ ಹಿಡಿದ. ಅದು ಬಳಸಿಕೊಂಡು ಹೋಗಿ ಮೂರನೇ ತೂಬಿನ ಹತ್ತಿರ ನಾಲೆಗೆ ಕೂಡುತ್ತದೆ, ಕಣ್ಣು ಮುಚ್ಚಿಕೊಂಡು ಹೋಗಬಲ್ಲೆ ಎಂದುಕೊಂಡ. ಆದರೆ ಅವನು ಮಲಗಿದ್ದ ಎರಡು ತಿಂಗಳಲ್ಲಿ ಹೊಲಗಳ ಚಹರೆ ಬದಲಾಗಿತ್ತು. ಕಬ್ಬು ಕಡಿದು ಮಂಡ್ಯದ ಕಾರ್ಖಾನೆಗೆ ಸಾಗಿಸಲು ಹೊಸ ಗಾಡಿದಾರಿಗಳು ಬಿದ್ದಿದ್ದವು. ಗುರುತಿಗಿದ್ದ ಎತ್ತರದ ಕಬ್ಬು ಒಂದು ಕಡೆ ಬಯಲಾಗಿತ್ತು. ಬಯಲೆಂದುಕೊಂಡ ಕಡೆ ತಲೆಯೆತ್ತರ ಕಬ್ಬು ನಿಂತಿತ್ತು. ಎರಡು ಸಲ ತಿರುಗಿದ ಮೇಲೆ ನಾಲೆ ಎಡಕ್ಕೋ ಬಲಕ್ಕೋ ಎಂಬುದೇ ತಪ್ಪಿಹೋಯಿತು.

ವಿಚಿತ್ರವೆಂದರೆ ಅವನಿಗೆ ಭಯವಾಗಲಿಲ್ಲ. ಬೆಳ್ಳಗಿನ ಮಂಜಿನಲ್ಲಿ ಕಬ್ಬಿನ ಗರಿಗಳು ಒಂದೊಂದಾಗಿ ಹತ್ತಿರ ಬಂದು, ಮುಖಕ್ಕೆ ತಣ್ಣನೆ ಹನಿ ಎರಚಿ, ಹಿಂದಕ್ಕೆ ಸರಿಯುತ್ತಿದ್ದವು. ಕಾಲಿನ ನೋವು ದೂರದಲ್ಲೆಲ್ಲೋ ಬೇರೆ ಯಾರಿಗೋ ಆಗುತ್ತಿರುವಂತಿತ್ತು. ತಾನು ನಿಜವಾಗಿ ನಡೆಯುತ್ತಿದ್ದೇನೋ, ಅಥವಾ ಚಾಪೆಯ ಮೇಲೆ ಮಲಗಿ ಮುದ್ದಮ್ಮ ಹೇಳುವುದನ್ನು ಕೇಳುತ್ತಿದ್ದೇನೋ ಎಂದು ಅನುಮಾನ ಬಂತು. ಹೀಗೆ ಎಷ್ಟು ದೂರ ಹೋದನೋ. ಕೊನೆಗೆ ಕಾಲು ತಾನೇ ನಿಂತಿತು. ಕಡಿದ ಕಬ್ಬಿನ ತರಗಿನ ಗುಡ್ಡೆಯೊಂದು ಸಿಕ್ಕಿತು. ಅದರ ಮೇಲೆ ಕುಸಿದು ಕೂತ. ಮಂಡಿಯ ಕೆಳಗೆ ಬಿಸಿಯಾಗಿ ಬಡಿದುಕೊಳ್ಳುತ್ತಿತ್ತು. ಕೂಗಿದರೆ ಯಾರಾದರೂ ಬರುತ್ತಿದ್ದರೇನೋ. ನಾಲೆಯ ಸೌಡಿ ದಾರಿ ತಪ್ಪಿ ಕೂಗಿದ ಎನ್ನಿಸಿಕೊಳ್ಳಲು ಮನಸ್ಸು ಬರಲಿಲ್ಲ.

ಸುಮ್ಮನೆ ಕೂತಿದ್ದಾಗಲೇ ಕೇಳಿಸಿದ್ದು. ಮಂಜಿನ ಆ ಬದಿಯಿಂದ, ಹೊಟ್ಟೆ ತುಂಬ ಉಂಡು ಮಲಗಿದ ಮುದುಕನ ಹಾಗೆ, ಗೊರ್... ಗೊರ್... ಒಂದು ಉಸಿರಿನಷ್ಟು ಬಿಡುವು, ಮತ್ತೆ ಗೊರ್. ದೊಡ್ಡಬೀರಯ್ಯನಿಗೆ ನಗು ಬಂತು. ಎಂಟು ವರ್ಷ ಆ ತೂಬಿನ ತಲೆಯ ಮೇಲೆ ನಿಂತಿದ್ದ ಮನುಷ್ಯ ಅವನು. ಎದ್ದು, ಆ ಗೊರಕೆಯ ಕಡೆಗೆ ಮುಖ ಮಾಡಿ, ಕಬ್ಬಿನ ಸಾಲಿನೊಳಗೆ ಕೋಲಿನಿಂದ ದಾರಿ ಬಿಡಿಸಿಕೊಳ್ಳುತ್ತ ಮೆಲ್ಲಗೆ ನಡೆದ.

ಗೊರಕೆಯ ಜೊತೆ ಮಾತೂ ಕೇಳಿಸತೊಡಗಿತು. ಇಬ್ಬರು ಜಗಳವಾಡುತ್ತಿದ್ದರು. ಒಬ್ಬ ಮರಿಸಿದ್ದಯ್ಯ, ಅವನದು ಈ ತೂಬಿನ ಕೆಳಗೂ ಒಂದು ತುಂಡು ಗದ್ದೆ. ಇನ್ನೊಬ್ಬ ಮೇಲುಗದ್ದೆಯ ಕರಿಸಿದ್ದಯ್ಯ. ಜಿಟಿಜಿಟಿ ಮಳೆ ಗದ್ದೆಗೆ ಸಾಲದೆ ಇಬ್ಬರಿಗೂ ನೀರು ಬೇಕಿತ್ತು. ಜಗಳದ ಮೂಲ ಮಂಜೇ. ಸೂರ್ಯ ಹೊಂಗೆಮರದ ನೆತ್ತಿಗೆ ಬರುವವರೆಗೆ ಒಬ್ಬನ ಸರದಿ, ಆಮೇಲೆ ಇನ್ನೊಬ್ಬನದು ಎಂದು ವಾಡಿಕೆ. ಸೂರ್ಯನೇ ಇಲ್ಲದ ದಿನ ಸರದಿ ಮುಗಿಯುವುದು ಯಾವಾಗ?

"ಆಗ್ಲೇ ಮುಗ್ದದೆ ನಿಂದು, ಬುಡ್ಲಾ ನೀರ!"

"ಎಲ್ಲಿ ತೋರ್ಸು ಸೂರ್ಯನ್ನ? ತೋರ್ಸು, ಬುಡ್ತೀನಿ!"

ಇಂಥ ದಿನ ದೊಡ್ಡಬೀರಯ್ಯ ಏನು ಮಾಡುತ್ತಿದ್ದನೆಂದರೆ, ಇಬ್ಬರಿಗೂ ಬೈದು, ಬಿಸಿಲು ಬರುವವರೆಗೆ ಹಲಗೆ ಇಳಿಸಿಬಿಡುತ್ತಿದ್ದ. ಇಬ್ಬರೂ ಅವನನ್ನು ಶಪಿಸುತ್ತಿದ್ದರು. ಈಗ ಏನಾಗುತ್ತೆ ನೋಡೋಣವೆಂದು ಕಬ್ಬಿನ ಅಂಚಿನಲ್ಲೇ ನಿಂತ.

ಮುದ್ದಮ್ಮನ ದನಿ ಏರಲಿಲ್ಲ. "ಕೂಗಾಡ್ಬ್ಯಾಡಿ. ಇಲ್ಲಿಂದ ಒಂದ್ನೇ ತೂಬ್ಗೋಗಿ ಬರಾಕೆ ನಂಗೆ ಎರಡ್ಸಾವ್ರದ ನಲ್ವತ್ತು ಎಜ್ಜೆ. ಮಳೇಲೂ ಅಷ್ಟೇಯ, ಬಿಸ್ಲಲ್ಲೂ ಅಷ್ಟೇಯ, ದಿನಾ ಎಣ್ಸಿವ್ನಿ. ಬಿಸ್ಲಿದ್ದ ದಿನ ಎರಡು ಸಲ ಓಗ್ಬರೋ ಒತ್ಗೆ ಒಬ್ಬುನ್ ಸರ್ದಿ ಮುಗೀತದೆ. ಇವತ್ತು ಒಂದ್ಸಲ ಓಗ್ಬಂದಿವ್ನಿ. ಇನ್ನೊಂದ್ಸಲ ಓಗ್ಬರೋಗಂಟ ಮರಿಸಿದ್ದಣ್ಣಂದು. ಬಂದೇಟ್ಗೆ ಹಲ್ಗೆ ನಿನ್ ಕಡೀಗೆ, ಕರಿಸಿದ್ದಣ್ಣ. ಆಯ್ತಾ?"

ಮರಿಸಿದ್ದಯ್ಯ ಬೆರಳು ಮಡಿಸಿ ಲೆಕ್ಕ ನೋಡಿದ.

"ನೀನು ಬೇಕಂತ ಬೇಗ ನಡುದ್ರೆ?" ಮರಿಸಿದ್ದಯ್ಯನ ದನಿಯಲ್ಲಿ ಬಿಸಿ ಇಳಿದಿತ್ತು.

"ಜೊತೇಲಿ ಬಾ, ಎಣ್ಸು."

ಕರಿಸಿದ್ದಯ್ಯ ನಕ್ಕುಬಿಟ್ಟ. "ಬುಡ್ಲಾ, ಸೌಡಮ್ಮ ಯೋಳುದ್ಮ್ಯಾಕೆ ಮುಗೀತು."

ಸೌಡಮ್ಮ! ದೊಡ್ಡಬೀರಯ್ಯ ಆ ಮಾತನ್ನು ಮನಸ್ಸಿನಲ್ಲೇ ಒಮ್ಮೆ ಹೇಳಿಕೊಂಡ. ಅಷ್ಟರಲ್ಲಿ ಮೇಲಿಂದ ತುಂತುರು ಶುರುವಾಯಿತು. ಮುದ್ದಮ್ಮ ಗೋಣಿಕೊಪ್ಪೆ ಸರಿಪಡಿಸಿಕೊಂಡು ತಿರುಗಿದವಳು ಕಬ್ಬಿನ ನಡುವೆ ತೋಯ್ದು ನಿಂತ ಗಂಡನನ್ನು ಕಂಡಳು. 

"ಅಯ್ಯೋ ನನ್ ಕರ್ಮ! ಆ ಬೀಬಮ್ಮ ಬಡ್ಕಂಡಿದ್ದು ಗೋಡೆಗಾ? ಎಂಗ್ ಬಂದೆ ಇಲ್ಗಂಟ?"

"ದಾರಿ ತಪ್ತು ಕಣಮ್ಮಿ" ಎಂದ ಅವನು, ಮರಿಸಿದ್ದಯ್ಯ ಕರಿಸಿದ್ದಯ್ಯರ ಎದುರಿಗೇ. "ನಿನ್ ಗೊರ್ಕೆ ತೂಬು ಕೂಗಿ ಕರುದ್ಬುಡ್ತು."

ಅವಳು ಕೊಪ್ಪೆಯನ್ನು ತೆಗೆದು ಅವನ ತಲೆಗೆ ಹಾಕಿದಳು. ಆದರೆ ಕೂಡಲೇ ಮನೆಗೆ ಹೊರಡಲಿಲ್ಲ. ಅವನನ್ನು ತೂಬಿನ ಕಲ್ಲಿನ ಮೇಲೆ ಕೂರಿಸಿ, ಒಂದನೇ ತೂಬಿಗೆ ಹೋಗಿ ಬಂದಳು. ಮಾತು ಕೊಟ್ಟಾಗಿತ್ತಲ್ಲ. ಅವನು ಮಂಜಿನೊಳಗೆ ಕರಗಿಹೋಗುವ, ಮತ್ತೆ ಅದರಿಂದಲೇ ಮೂಡಿಬರುವ ಅವಳನ್ನು ನೋಡುತ್ತ ಕೂತಿದ್ದ. ಒಂದೇ ಸಮನಾದ ಹೆಜ್ಜೆ. ಹೊಲದಿಂದ ಬರುವಾಗ ತನ್ನ ಹಿಂದೆ ಹತ್ತು ಮಾರು ದೂರ ನಡೆಯುತ್ತಿದ್ದ ಮುದ್ದಮ್ಮನ ಹೆಜ್ಜೆ ಹೇಗಿತ್ತು ಎಂದು ನೆನಪು ಮಾಡಿಕೊಳ್ಳಲು ಪ್ರಯತ್ನಿಸಿದ. ಅವನು ಒಮ್ಮೆಯೂ ತಿರುಗಿ ನೋಡಿರಲಿಲ್ಲ.

ಕಾಲು ಊದಿಕೊಂಡು ಮೂರು ದಿನ ಜ್ವರ ಬಂತು. ಜ್ವರ ಇಳಿದ ಮೇಲೆ ಅವನು ಬಿಸಿಲು ನೋಡಿಕೊಂಡೇ ನಡೆದ. ಐದನೇ ತೂಬು, ಆಮೇಲೆ ಆರನೆಯದು, ಅಲ್ಲಿ ಪಾಚಿಯನ್ನು ಕೆರೆದು ತೆಗೆದು ಏಳನೆಯದು. ಪುಷ್ಯಮಾಸ ಮುಗಿಯುವ ಹೊತ್ತಿಗೆ ಕುಂಟುತ್ತ ಕುಂಟುತ್ತ ಒಂದೂವರೆ ಮೈಲಿ ಹೋಗಿ ಬರುವಷ್ಟಾದ.

ಅವನು ಬಲವಾದಷ್ಟೂ ಮುದ್ದಮ್ಮನ ಸಂಜೆಯ ಮಾತು ಕಡಿಮೆಯಾಗುತ್ತ ಬಂತು. ಒಂದು ದಿನ ಅವಳು ಕೋಲನ್ನು ತೊಳೆದು, ಒರೆಸಿ, ಅವನು ಮೊದಲು ಇಡುತ್ತಿದ್ದ ಮೂಲೆಯಲ್ಲೇ ನಿಲ್ಲಿಸಿದಳು.

"ಇಲ್ಲೇ ಮಡ್ಗಿವ್ನಿ. ನಾಳೆ ನಾಡಿದ್ರಲ್ಲಿ ನಿಂಗೆ ಬೇಕಾಯ್ತದಲ್ಲ."

 ಅವಳು ಒಲೆಯ ಕಡೆ ತಿರುಗಿ ಕೂತು ಉರಿಯನ್ನು ಅಗತ್ಯಕ್ಕಿಂತ ಹೆಚ್ಚು ಹೊತ್ತು ಊದಿದಳು.

ಆ ವಾರ ಓವರ್ಸಿಯರು ಬಂದಾಗ ದೊಡ್ಡಬೀರಯ್ಯ ಐದನೇ ತೂಬಿನ ಹತ್ತಿರ ನಿಂತಿದ್ದ. ಅವರು ಸೈಕಲ್ಲು ಇಳಿದು, "ಏನು ಬೀರಯ್ಯ, ಕೆಲಸಕ್ಕೆ ಹಾಜರೋ?" ಎಂದರು.

"ಅರ್ಧ ಆಜರು ಸ್ವಾಮಿ."

"ಇನ್ನರ್ಧ?"

"ಮೇಲ್ಕಡೆ ಅದೆ. ಎರಡ್ನೇ ತೂಬ್ತಾವ. ಈ ಕಾಲು ಮೂರು ಮೈಲೀನೂ ನಡೆಯಾಕಿಲ್ಲ ಸ್ವಾಮಿ. ನಡುದ್ರೂ," ಅವನು ಮೇಲ್ಕಡೆಗೆ ನೋಡಿದ, "ಅಲ್ಲಿ ಜನ ನನ್ ಮಾತು ಕೇಳಾಕಿಲ್ಲ ಈಗ."

ಓವರ್ಸಿಯರು ಪುಸ್ತಕ ತೆಗೆದರು, ಪೆನ್ಸಿಲ್ಲನ್ನು ಕಿವಿಯ ಹಿಂದಿನಿಂದ ತೆಗೆದರು, ಮತ್ತೆ ಅಲ್ಲೇ ಸಿಕ್ಕಿಸಿಕೊಂಡರು. ಎರಡು ತಿಂಗಳಿಂದ ಈ ಮೂರು ಮೈಲಿಯಿಂದ ಒಂದು ದೂರೂ ಬಂದಿರಲಿಲ್ಲ. ಅಂಥದ್ದು ಹಿಂದೆ ಎಂದೂ ನಡೆದಿರಲಿಲ್ಲ. ಪುಸ್ತಕ ಮುಚ್ಚಿ, "ನಾನು ಈ ಕಡೆಗೆ ಮಾತ್ರ ಬಂದಿದ್ದೆ, ಮೇಲ್ಕಡೆ ನೋಡಲಿಲ್ಲ ಅಂತ ಇಟ್ಟುಕೋ" ಎಂದು ಸೈಕಲ್ಲು ಹತ್ತಿದರು.

ಸಂಜೆ ಅವನು ಮೂಲೆಯ ಕೋಲನ್ನು ತಂದು ಅವಳ ಪಕ್ಕದಲ್ಲಿ ಇಟ್ಟ. "ನಂಗೆ ಬಿದ್ರುಕೋಲು ಸಾಕು. ಕೆಳಗ್ಲ ಮೂರು ನಂದು. ಮೇಲ್ಗಡೇದು ನೀನೇ ನೋಡ್ಕೊ."

ಮುದ್ದಮ್ಮ ಮುದ್ದೆಯ ತಟ್ಟೆಯನ್ನು ಅವನ ಮುಂದಿಟ್ಟಳು. ಅವಳ ಕಣ್ಣಲ್ಲಿದ್ದದ್ದು ಹೊಗೆಯೋ ಏನೋ. "ಮೀಂಚುಳ್ಳಿ ಮರಿ ಮಾಡದೆ ಅಂತ ಕಾಣ್ತದೆ" ಎಂದಳು, ಆ ವಾರದಲ್ಲೇ ಮೊದಲ ಸಲ ನಾಲೆಯ ಮಾತೆತ್ತಿ. "ಏರಿ ತೂತ್ನಾಗೆ ಸದ್ದು ಕೇಳ್ತದೆ. ಮುಚ್ಚಬ್ಯಾಡ ಆಮ್ಯಾಕೆ, ಬಿಲ ಅಂತ."

"ಅದು ನಿನ್ ಕಡೇದಲ್ವಾ. ನಾ ಯಾಕೆ ಮುಚ್ಲಿ?"

ಅಲ್ಲಿಂದ ಮುಂದೆ ವರ್ಷಗಟ್ಟಲೆ ಅದೇ ನಡೆಯಿತು. ಬೆಳಗ್ಗೆ ಇಬ್ಬರೂ ಒಟ್ಟಿಗೆ ಏರಿ ಹತ್ತುತ್ತಿದ್ದರು. ಅವಳು ಮೇಲಕ್ಕೆ, ಅವನು ಕೆಳಕ್ಕೆ. ಚಳಿಗಾಲದಲ್ಲಿ ಹತ್ತು ಮಾರು ಹೋಗುವಷ್ಟರಲ್ಲಿ ಒಬ್ಬರಿಗೊಬ್ಬರು ಕಾಣುತ್ತಿರಲಿಲ್ಲ, ಕೋಲಿನ ಸದ್ದು ಮಾತ್ರ ಕೇಳುತ್ತಿತ್ತು. ಅವನ ಕಾಲು ಕೊನೆಯವರೆಗೂ ನೆಟ್ಟಗಾಗಲಿಲ್ಲ. ಸಂಜೆ ಮಾತ್ರ ಅವನಿಗೂ ಹೇಳಲು ಏನಾದರೂ ಇರುತ್ತಿತ್ತು.

ನಲವತ್ತೇಳರ ಜನವರಿಯಲ್ಲಿ ಹಳೆಯ ಓವರ್ಸಿಯರಿಗೆ ವರ್ಗವಾಗಿ ಹೊಸಬರು ಬಂದರು. ಹುಣಸೆಕೊಪ್ಪಲಿನ ಹತ್ತಿರ ಏರಿಯ ಮೇಲೆ ಸೈಕಲ್ಲು ನಿಲ್ಲಿಸಿ, ಗದ್ದೆಯಲ್ಲಿದ್ದ ಕರಿಸಿದ್ದಯ್ಯನನ್ನು ಕೂಗಿ, ಇಲ್ಲಿಯ ಸೌಡಿ ಎಲ್ಲಿ ಎಂದು ಕೇಳಿದರು.

ಕರಿಸಿದ್ದಯ್ಯ ಸೊಂಟ ನೆಟ್ಟಗೆ ಮಾಡಿಕೊಂಡ. "ಯಾವ ಸೌಡಿ ಸ್ವಾಮಿ? ಮೇಲ್ಗಡೆ ಸೌಡೀನೋ, ಕೆಳ್ಗಡೆ ಸೌಡೀನೋ?"

ಹೊಸಬರಿಗೆ ಅರ್ಥವಾಗಲಿಲ್ಲ. ಅವರು ಒಂದು ಗಳಿಗೆ ಹಿಂದೆ ಮುಂದೆ ನೋಡಿ, ಸೈಕಲ್ಲನ್ನು ಮೇಲಕ್ಕೆ ತಿರುಗಿಸಿದರು. ಆ ಕಡೆ ಮಂಜು ಆಗತಾನೇ ನೀರಿನಿಂದ ಏಳುತ್ತಿತ್ತು.